ಗೌರಿಯ ತೇಗು

ಭೂಮಿ ಬಿಸಿಯಾಗುತ್ತಿರುವುದಕ್ಕೆ ಯಾರು ಹೊಣೆ ಅಂತ ದೇಶದೇಶದ ದೊಡ್ಡವರು ಸಭೆ ಸೇರಿ ತಲೆ ಕೆಡಿಸಿಕೊಳ್ಳುತ್ತಾರಂತೆ. ನನ್ನನ್ನು ಕೇಳಬಾರದೆ? ಹರದನಹಳ್ಳಿಯ ನನ್ನ ಸೋದರಮಾವ! ನಾನು ಹೇಳುತ್ತಿಲ್ಲ, ಅವನೇ ಒಪ್ಪಿಕೊಂಡಿದ್ದಾನೆ.

ಆದದ್ದಿಷ್ಟು. ಊರಿನಲ್ಲಿ ಶಾಮಿಯಾನ ಹಾಕಿ ರೈತರಿಗೆ ತರಬೇತಿ ಇಟ್ಟಿದ್ದರು. ಹಸು ಮೆಲುಕು ಹಾಕುತ್ತಾ ತೇಗುತ್ತದೆ, ಆ ತೇಗಿನಲ್ಲಿರುವ ಮೀಥೇನ್ ಅನಿಲದಿಂದ ಭೂಮಿ ಬಿಸಿಯಾಗುತ್ತದೆ ಅಂದರು ದನದ ಡಾಕ್ಟರು. ಉಳಿದವರೆಲ್ಲ ಉಪ್ಪಿಟ್ಟು ತಿಂದು ಎದ್ದುಹೋದರು. ಮಾವ ಮಾತ್ರ ಇಡೀ ಭೂಮಿಯನ್ನು ತಲೆಯ ಮೇಲೆ ಹೊತ್ತುಕೊಂಡು ಮನೆಗೆ ಬಂದ. ಅವನಿಗಿರುವುದು ಒಂದೇ ಹಸು, ಗೌರಿ. ಅತ್ತೆ ತೀರಿಕೊಂಡ ವರ್ಷ ಅದಿನ್ನೂ ಕರು.

ಮರುದಿನವೇ ಚಿಕಿತ್ಸೆ ಶುರು. ಓಂಕಾಳು, ಬೆಳ್ಳುಳ್ಳಿ, ಇಂಗು ಕುದಿಸಿ, ಬಿದಿರಿನ ಗೊಟ್ಟಕ್ಕೆ ತುಂಬಿ ಗೌರಿಯ ಬಾಯಿಗೆ ಹುಯ್ದ. ಅರ್ಧ ಅದು ಕುಡಿಯಿತು, ಇನ್ನರ್ಧವನ್ನು ಅವನ ಅಂಗಿಗೆ ಕುಡಿಸಿತು. ಆಮೇಲೆ ತೇಗಿತು ನೋಡಿ, ಪಕ್ಕದ ಮನೆಯ ನಾಯಿ ಎದ್ದು ನಿಂತಿತು! ಓಂಕಾಳು ಕೊಡುವುದೇ ತೇಗು ಬರಲಿ ಅಂತ, ಇದು ಯಾವ ಬಾಣಂತಿಗೆ ಗೊತ್ತಿಲ್ಲ ಹೇಳಿ?

ಭಾನುವಾರ ಗುಂಡ್ಲುಪೇಟೆಯಿಂದ ನಾನು ಹೋದಾಗ ಅವನ ಮುಖ ಬಾಡಿತ್ತು.

“ಈ ಸಲ ಮಳೆ ಕೈಕೊಡ್ತಲ್ಲ, ನಮ್ ಗೌರಿದೇ ಕೆಲ್ಸ ಕಣ್ಲಾ.”

“ಒಂದು ಹಸು ತೇಗಿದ್ರೆ ಮಳೆ ನಿಲ್ತದಾ ಮಾವ? ರೋಡ್ ತುಂಬ ಲಾರಿ ಓಡಾಡ್ತಾವಲ್ಲ?”

“ಅವ್ರ ಇಚಾರ ಬುಡು. ನಮ್ಮನೇದು ನಾವ್ ನೋಡ್ಕಬೇಕು. ಮಾರ್ಬುಡ್ತೀನಿ.”

ತೆರಕಣಾಂಬಿ ಸಂತೆಗೆ ನಾನೂ ರಜೆ ಹಾಕಿ ಹೋದೆ. ಗಿರಾಕಿಗಳು ಬಂದರು, ಕೆಚ್ಚಲು ಮುಟ್ಟಿದರು, ಹಲ್ಲು ನೋಡಿದರು.

“ಹಾಲು ಚೆಂದಾಗಿ ಕೊಡ್ತದೆ, ಒದೆಯಕಿಲ್ಲ, ಹಾಯಕಿಲ್ಲ,” ಅಂದ ಮಾವ. “ಆದ್ರೆ ಮುಚ್ಚಿಡಕಿಲ್ಲ, ತೇಗ್ತದೆ. ಲೋಕ ಬಿಸಿ ಆಯ್ತದೆ.”

ಗಿರಾಕಿಗಳು ಹಸುವನ್ನು ಬಿಟ್ಟು ಅವನನ್ನೇ ಮೇಲಿಂದ ಕೆಳಗೆ ನೋಡಿ ನಡೆದರು. ಒಬ್ಬ ಮಾತ್ರ, “ತೇಗ್ಲಿ ಬುಡಣ್ಣ, ನಮ್ಮಪ್ಪನೂ ತೇಗ್ತಾನೆ,” ಎಂದು ನಗುತ್ತಾ ಹಗ್ಗಕ್ಕೆ ಕೈ ಹಾಕಿದ. ಮಾವ ಹಗ್ಗ ಬಿಡಲೇ ಇಲ್ಲ!

“ಮಾರೋ ಮನಸ್ಸಿಲ್ದಿದ್ರೆ ಸಂತೆಗ್ಯಾಕೆ ಬಂದೆ?” ಎಂದು ದಾರಿಯುದ್ದಕ್ಕೂ ರೇಗಿದೆ. ಅವನು ಗೌರಿಯ ಬೆನ್ನು ಸವರುತ್ತಾ ನಡೆದ.

ಸಂಜೆ ಇಬ್ಬರೂ ಮುದ್ದೆ ಉಪ್ಸಾರು ಉಂಡು ಕೊಟ್ಟಿಗೆಯ ಮುಂದೆ ಕೂತೆವು. ಮಾವ ತೇಗಿದ. ಕತ್ತಲಾಗುತ್ತಿದ್ದ ಕೊಟ್ಟಿಗೆಯೊಳಗಿಂದ ಗೌರಿಯೂ ತೇಗಿತು.

“ನಿಮ್ಮತ್ತೆ ಇದ್ದಾಗ, ನಾನು ತೇಗಿದ್ರೆ ‘ಒಟ್ಟೆ ತುಂಬ್ತಾ?’ ಅಂತ ಒಳಗಿಂದ ಕೇಳೋಳು,” ಅಂದ. “ಈಗ ತಿರುಗಿ ಮಾತಾಡೋದು ಇದೊಂದೇ ಕಣ್ಲಾ.”

ಪಾತ್ರೆ ತೊಳೆಯಲು ಅವನು ಒಳಗೆ ಹೋದ ಮೇಲೆ ನಾನೂ ಒಮ್ಮೆ ತೇಗಿ ನೋಡಿದೆ. ಗೌರಿ ಕಿವಿ ಅಲ್ಲಾಡಿಸಿತು ಅಷ್ಟೆ, ತೇಗಲಿಲ್ಲ.

ಒಳಗಿಂದ ಮಾವ ಕೇಳಿದ: “ಒಟ್ಟೆ ತುಂಬ್ತೇನ್ಲಾ?”

ಗುಂಡ್ಲುಪೇಟೆಯ ನನ್ನ ಬಾಡಿಗೆ ಕೋಣೆಯಲ್ಲಿ ಹಾಗೆ ಕೇಳುವವರು ಯಾರೂ ಇಲ್ಲ. ಅಲ್ಲಿಗೆ ಹೋಗುವ ಕೊನೆಯ ಬಸ್ಸು ಹಾರ್ನ್ ಹೊಡೆಯಿತು. ನಾನು ಏಳಲಿಲ್ಲ.