ಮಾಮಾನ ಕೊನೆಯ ಹತ್ತು ಸಾಲು

ನಮ್ಮ ಸೋದರಮಾವನಿಗೆ ಯಾರಾದರೂ ಮದುವೆಯ ಆಮಂತ್ರಣ ಕೊಡಲು ಹೋದರೆ ಆತ ಮೊದಲು ಕೇಳುವುದು, "ಇದು ಟೆಕ್ಸ್ಟ್ ಫೈಲ್‌ನ್ಯಾಗ ಐತೇನು?" ನಂಬುವುದಿಲ್ಲವೇ? ವಿಜಯಪುರದ ಕಾಲೇಜೊಂದರಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಂಡು ನಿವೃತ್ತನಾದ ಈ ಮಹಾಶಯನ ಮನೆಯ ಕಂಪ್ಯೂಟರಿಗೆ ಮೌಸ್ ಇಲ್ಲ, ಚಿತ್ರವಿಲ್ಲ, ಬಣ್ಣವಿಲ್ಲ. ಲಿನಕ್ಸಿನ ಕಪ್ಪು ಪರದೆ, ಬಿಳಿ ಅಕ್ಷರ, ಅಷ್ಟೇ! ನಗುವ ಮಾತೇ ಇದು. ಹೇಳುವಾಗ ಮಾತ್ರ ಈಗ ನನಗೆ ನಗು ಬರುವುದಿಲ್ಲ.

ಓದುವುದಕ್ಕೆ ಆತ ಕಂಪ್ಯೂಟರಿಗೆ ಟೈಪ್ ಮಾಡುವುದು ನಾಲ್ಕೇ ಹುಕುಂ. 'ಕ್ಯಾಟ್' ಎಂದರೆ ಇಡೀ ಫೈಲು ಒಂದೇ ಉಸಿರಿಗೆ ಸುರಿಯುತ್ತದೆ. 'ಲೆಸ್' ಎಂದರೆ ಪುಟ ಪುಟವಾಗಿ. 'ಹೆಡ್' ಮೊದಲ ಹತ್ತು ಸಾಲು, 'ಟೇಲ್' ಕೊನೆಯ ಹತ್ತು. ಫೈಲಿಗೆ ಸರಿ, ಮನುಷ್ಯರಿಗೆ? ಬಬಲೇಶ್ವರದ ನಮ್ಮ ಮನೆಗೆ ಬಂದಾಗ ಅವ್ವ ತನ್ನ ಮಂಡಿನೋವಿನ ಕಥೆ ತೆಗೆದಳು.

"ಅಕ್ಕಾ, ಕ್ಯಾಟ್ ಮಾಡಬ್ಯಾಡ. ಟೇಲ್ ಅಷ್ಟ ಹೇಳು. ಈಗ ನೋವು ಐತೋ ಇಲ್ಲೋ?"

ಅವ್ವ ಎರಡು ದಿನ ಮಾತು ಬಿಟ್ಟಳು. ಆತನಿಗೆ ಅದು ಗೊತ್ತಾಗಲೇ ಇಲ್ಲ!

ಎಲ್ಲವನ್ನೂ ಸಹಿಸಿದವಳು ಅತ್ತೆ. ಟಿಕೋಟಾದ ಶಾಲೆಯಲ್ಲಿ ಟೀಚರು. ಆಕೆಯ ಮೊಬೈಲಿಗೂ ಮಾಮಾ ಕಪ್ಪು ಪರದೆ ಹಾಕಿಕೊಟ್ಟಿದ್ದ. ಫೋನ್ ಮಾಡುವ ಹಾಗಿಲ್ಲ. ಬಸ್ಸಿನಲ್ಲಿ ಕುಳಿತೇ ಮನೆಯ ಕಂಪ್ಯೂಟರಿನ ಒಂದು ಫೈಲಿಗೆ ಸಾಲು ಸೇರಿಸಬೇಕು. ದಿನಾ ಸಂಜೆ ವಿಜಯಪುರಕ್ಕೆ ಮರಳುವಾಗ, ಊರು ಮುಟ್ಟುವ ಮೊದಲಿನ ಹಳ್ಳಿ ದಾಟುತ್ತಲೇ ಬರೆಯುತ್ತಿದ್ದಳು: "ತೊರವಿ ದಾಟೇನಿ. ಚಹಾ ಇಡ್ರಿ." ಆಕೆ ಮನೆ ಮುಟ್ಟುವಷ್ಟರಲ್ಲಿ ಚಹಾ ಕುದಿದಿರುತ್ತಿತ್ತು. ಒಮ್ಮೆ ಹೀಗೂ ಬರೆದಿದ್ದಳು: "ಬಾಜೂಕ ಕುಂತಾಕಿ, ನಾ ಬ್ಯಾಂಕ್ ಲೂಟಿ ಮಾಡಾಕತ್ತೇನಿ ಅಂತ ಹೆದರ್ಯಾಳ!"

ಅತ್ತೆ ತೀರಿಹೋಗಿ ಏಳು ತಿಂಗಳಾಯಿತು. ಮಾಮಾ ಮನೆ ಬಿಟ್ಟು ಹೊರಬರುವುದಿಲ್ಲ, ಆ ಫೈಲಿನ ಮುಂದೆಯೇ ಕೂತಿರುತ್ತಾನೆ. "ಅದನ್ನ ಬಂದ್ ಮಾಡಿಸಿ ಅವನ್ನ ಇಲ್ಲಿಗೆ ಕರ್ಕೊಂಡ್ ಬಾ" ಎಂದು ಅವ್ವ ನನ್ನನ್ನು ಕಳಿಸಿದಳು.

ಹೋಗಿ ನೋಡಿದರೆ ಹಗಲಲ್ಲೂ ಕಿಟಕಿ ಮುಚ್ಚಿದೆ. ಪರದೆಯ ಮೇಲೆ ಅತ್ತೆಯ ಕೊನೆಯ ಹತ್ತು ಸಾಲು, ತುದಿಯಲ್ಲಿ ಅದೇ 'ತೊರವಿ ದಾಟೇನಿ. ಚಹಾ ಇಡ್ರಿ.' ಟೇಲ್ ಹುಕುಮಿಗೆ ಒಂದು 'ಎಫ್' ಅಂಟಿಸಿದರೆ ಅದು ಮುಗಿಯುವುದೇ ಇಲ್ಲವಂತೆ, ಹೊಸ ಸಾಲು ಬರಲೆಂದು ಕಾಯುತ್ತಲೇ ಇರುತ್ತದಂತೆ.

"ಮಾಮಾ, ಇನ್ನ ಬರಿಯೋರು ಯಾರದಾರ?"

"ಗೊತ್ತೈತಿ ಲೇ ತಮ್ಮಾ," ಅಂದ. "ಅವತ್ತ ನಾ ಲೆಸ್‌ನ್ಯಾಗ ಆಕಿ ಬರದ ಹಳೇ ಸಾಲು ಓದಿ ನಗಾಕತ್ತಿದ್ದೆ. ಕೆಳಗ ಹೊಸಾದು ಬಂದಿತ್ತು, ನೋಡಲೇ ಇಲ್ಲ. ಚಹಾ ಇಟ್ಟಿರಲಿಲ್ಲ. ಆಕೀನ ಬಂದು ಒಲಿ ಹಚ್ಚಾಕ ಹೋದಳು. ಅಲ್ಲೇ ಕುಸದಳು."

ಈ ಮನುಷ್ಯನನ್ನೇ ನಾನು ಊರೆಲ್ಲ ಹಾಸ್ಯ ಮಾಡಿಕೊಂಡು ತಿರುಗಿದ್ದೆ. ಚಹಾ ಇಟ್ಟಿದ್ದರೂ ಆಕೆಯ ಹೃದಯ ನಿಲ್ಲುತ್ತಿತ್ತು ಎಂದು ಹೇಳಬೇಕೆಂದುಕೊಂಡೆ.

ಅಷ್ಟರಲ್ಲಿ ಅವ್ವನ ಫೋನು. "ಬಂದ್ ಮಾಡಿಸಿದೇನು?"

ಪರದೆಯ ಕೊನೆಯ ಸಾಲನ್ನು ಇನ್ನೊಮ್ಮೆ ಓದಿದೆ. ಎದ್ದು ಅಡುಗೆಮನೆಗೆ ಹೋಗಿ ಒಲೆ ಹಚ್ಚಿದೆ.

"ಇಲ್ಲಬೇ," ಅಂದೆ. "ಅತ್ತಿ ತೊರವಿ ದಾಟ್ಯಾಳ. ಚಹಾ ಇಡಾಕತ್ತೇನಿ."