ಗಡಿಯಾರದ ಕೆಳಗೆ ನಿಂತವನು

ಊರಿನ ಗ್ರಂಥಾಲಯದ ಕಂಪ್ಯೂಟರ್ ಗುಮಾಸ್ತನಿಗೆ ಹೆತ್ತವರು ಇಟ್ಟ ಹೆಸರೊಂದು ಇತ್ತು. ಅದೀಗ ಅವನ ಸಂಬಳದ ಚೀಟಿಗೆ ಮಾತ್ರ ನೆನಪಿದೆ. ಊರಿಗೆಲ್ಲ ಅವನು ಬ್ಯಾಕಪ್ ಮಾಸ್ತರ. "ಒಂದು ಪ್ರತಿ ಇದ್ರೆ ಇಲ್ಲದ ಹಾಗೆ, ಎರಡಿದ್ರೆ ಒಂದಿದ್ದ ಹಾಗೆ, ಮೂರಿದ್ರೆ ಮಾತ್ರ ನಿದ್ದೆ ಮಾಡಿ" ಎಂಬ ಅವನ ಉಪದೇಶ ಕೇಳದ ಕಿವಿ ಆ ಊರಿನಲ್ಲಿ ಇರಲಿಲ್ಲ. ಅವನು ಬರುವುದನ್ನು ಕಂಡರೆ ಅರ್ಧ ಕ್ಷೌರ ಮಾಡಿಸಿಕೊಂಡವರು ಕುರ್ಚಿಯಿಂದೆದ್ದು ಹಿತ್ತಿಲ ಬಾಗಿಲಿನಿಂದ ಓಡುತ್ತಿದ್ದರು. ಸಾವಿನ ಮನೆಗೆ ಹೋದರೂ "ಹೋದವರದು ಇನ್ನೊಂದು ಪ್ರತಿ ಇಟ್ಟಿದ್ರಾ?" ಎಂದು ಕೇಳಿಯಾನು ಎಂದು ಜನ ಅವನನ್ನು ಹಿಂದಿನ ಸಾಲಿನಲ್ಲೇ ನಿಲ್ಲಿಸುತ್ತಿದ್ದರು.

ಅವನಿಗೆ ವಾರದ ರಜೆಯಿದ್ದ ದಿನ ಬೆಳಗ್ಗೆ ಒಂಬತ್ತಕ್ಕೆ, ಅರ್ಧ ಮುಖ ಹೆರೆದು ಉಳಿದರ್ಧಕ್ಕೆ ಸೋಪಿನ ನೊರೆ ಇದ್ದಾಗ, ಫೋನು ಬಡಿದುಕೊಂಡಿತು. ಗ್ರಂಥಾಲಯದ ನಂಬರು.

"ನಾನು ಮಾತಾಡ್ತಿರೋದು... ಮಕ್ಕಳ ವಿಭಾಗದಲ್ಲಿದ್ದೆನಲ್ಲ."

ಪೂರ್ತಿ ವಾಕ್ಯ ಬೇಕಾಗಿರಲಿಲ್ಲ. ಮೊದಲಕ್ಷರಕ್ಕೇ ಅವನ ಎದೆಯಲ್ಲಿ ಸಾವಿರ ಪಾರಿವಾಳ ಒಟ್ಟಿಗೆ ಎದ್ದವು. ಹನ್ನೊಂದು ವರ್ಷ ನಾಲ್ಕು ತಿಂಗಳಾಗಿತ್ತು ಆ ದನಿ ಕೇಳಿ. ಅವಳು ವರ್ಗವಾಗಿ ಹೋದ ಮೇಲೆ ಮಕ್ಕಳ ವಿಭಾಗಕ್ಕೆ ಮಕ್ಕಳು ಬರುತ್ತಲೇ ಇದ್ದರು, ಪುಸ್ತಕಗಳು ಹರಿಯುತ್ತಲೇ ಇದ್ದವು. ಅವನಿಗೆ ಮಾತ್ರ ಆ ಕೋಣೆಯ ದೀಪ ಯಾರೋ ಆರಿಸಿದಂತೆ ಕಾಣುತ್ತಿತ್ತು.

"ಹೇಗಿದ್ದೀರಿ?" ಅಂದಳು.

ಈ ಒಂದು ಪ್ರಶ್ನೆಗೆ ಅವನು ಹನ್ನೊಂದು ವರ್ಷದಿಂದ ನಲವತ್ತು ಪುಟದ ಉತ್ತರ ಸಿದ್ಧಮಾಡಿ ಇಟ್ಟುಕೊಂಡಿದ್ದ. ಬಾಯಿಂದ ಬಂದದ್ದು, "ಇದ್ದೀನಿ."

"ಇಲ್ಲಿ ಒಂದು ದಿನದ ಕೆಲಸಕ್ಕೆ ಬಂದಿದ್ದೀನಿ. ಸಂಜೆ ಐದರ ಬಸ್ಸಿಗೆ ಹೊರಡಬೇಕು. ಅದೇ, ನಂಗೆ ವರ್ಗ ಆದಾಗ ಎಲ್ರೂ ನಿಂತು ಒಂದು ಫೋಟೋ ತೆಗೆಸಿಕೊಂಡ್ವಲ್ಲ, ಅದು ನಿಮ್ಮ ಹತ್ರ ಇದೆಯಾ?"

"ಇದೆಯಾ ಅಂತ ಕೇಳ್ತೀರಲ್ಲ ಮೇಡಂ! ಮೂರು ಕಡೆ ಇದೆ!"

"ಹಾಗಾದ್ರೆ ನಾನೇ ಮನೆ ಕಡೆ ಬಂದು..."

"ಛೆ ಛೆ! ನೀವ್ಯಾಕೆ ತೊಂದ್ರೆ ತಗೋತೀರಿ? ಐದಕ್ಕೆ ಬಸ್ ಸ್ಟ್ಯಾಂಡಿಗೆ ನಾನೇ ತಂದ್ಕೊಡ್ತೀನಿ."

ಅವಳು ಶುರುಮಾಡಿದ ಮಾತನ್ನು ಅಲ್ಲೇ ಬಿಟ್ಟಳು. ಆಮೇಲೆ, "ಸರಿ," ಅಂದಳು.

ಆ ಫೋಟೋದ ವಿಷಯ ಹೇಳಿಬಿಡಬೇಕು. ಅದರಲ್ಲಿ ಹತ್ತೊಂಬತ್ತು ಜನ ನಿಂತಿದ್ದಾರೆ. ಹದಿನೆಂಟು ಜನ ಕ್ಯಾಮೆರಾ ನೋಡುತ್ತಿದ್ದಾರೆ. ಎಡತುದಿಯಲ್ಲಿ ನಿಂತ ಅವಳೊಬ್ಬಳು ಮಾತ್ರ ಮುಖ ತಿರುಗಿಸಿ ಬಲಕ್ಕೆ, ಅವನಿದ್ದ ಕಡೆಗೆ ನೋಡುತ್ತಿದ್ದಾಳೆ. ಆದರೆ ಅವನ ತಲೆಯ ಮೇಲೆ, ಒಂದು ಗೇಣು ಎತ್ತರದಲ್ಲಿ, ಗ್ರಂಥಾಲಯದ ಗೋಡೆ ಗಡಿಯಾರವೂ ಇದೆ. ಅವಳು ನೋಡುತ್ತಿದ್ದದ್ದು ಅವನನ್ನೋ ಗಡಿಯಾರವನ್ನೋ? ಆ ಒಂದು ಗೇಣಿನ ಅನುಮಾನದಲ್ಲಿ ಅವನು ನಲವತ್ತೇಳು ವರ್ಷದವನಾಗಿದ್ದ; ಬಂದ ಸಂಬಂಧಗಳನ್ನೆಲ್ಲ ವಾಪಸು ಕಳಿಸಿದ್ದ. ಈವತ್ತು ಫೋಟೋ ಅವಳ ಕೈಗೆ ಕೊಟ್ಟು, ಬೆರಳಿಟ್ಟು ತೋರಿಸಿ, ಕೇಳಿಯೇಬಿಡುವುದೆಂದು ತೀರ್ಮಾನಿಸಿದ. ಉಳಿದರ್ಧ ಮುಖ ಹೆರೆಯುವುದನ್ನೂ ಮರೆತು ಕಂಪ್ಯೂಟರಿನ ಗುಂಡಿ ಒತ್ತಿದ.

ಕಂಪ್ಯೂಟರು ಟಕ್ ಎಂದಿತು, ಟಕ್ ಟಕ್ ಎಂದಿತು, ಮುದುಕ ಕೆಮ್ಮಿದಂತೆ ಎರಡು ಸಲ ಕೆಮ್ಮಿತು; ಅದರೊಳಗಿನ ಡಿಸ್ಕು ಸತ್ತುಹೋಯಿತು.

ಮಾಸ್ತರ ನಕ್ಕ. ಯಾಕೆ ನಗಬಾರದು? ಮೊದಲನೆಯ ಪ್ರತಿ ಹೋದರೆ ಎರಡನೆಯದು ಆಲ್ಬಮ್ಮಿನಲ್ಲಿದೆ. ಆಲ್ಬಮ್ಮು ತೆಗೆದರೆ ಗೆದ್ದಲು ಹದಿನೆಂಟು ಜನರನ್ನು ಬಿಟ್ಟು ಎಡತುದಿಯನ್ನಷ್ಟೇ ತಿಂದಿತ್ತು; ಗೆದ್ದಲಿಗೂ ರುಚಿ ಗೊತ್ತು. ಇರಲಿ, ಮೂರನೆಯದಿದೆಯಲ್ಲ! ಬೀರುವಿನಿಂದ ಕಪ್ಪು ಪೆಟ್ಟಿಗೆ ತಂದ. ಹೊರಗಿನಿಂದ ಜೋಡಿಸುವ ಹಾರ್ಡ್ ಡಿಸ್ಕು. ಒಳಗಿನ ಡಿಸ್ಕು ಸತ್ತರೂ ಕಂಪ್ಯೂಟರನ್ನು ಎಬ್ಬಿಸುವ ರಿಕವರಿ ಸಿಡಿ ಹಾಕಿದ, ಪೆಟ್ಟಿಗೆಯ ವೈರು ಸಿಕ್ಕಿಸಿದ. ನೀಲಿ ದೀಪ ಹೊತ್ತಿತು. ಪರದೆಯ ಮೇಲೆ ಅಕ್ಷರ ಮೂಡಿದವು:

'ಯಾವ ಹಾರ್ಡ್ ಡಿಸ್ಕೂ ಪತ್ತೆಯಾಗಿಲ್ಲ. ಜೋಡಿಸಿ, ಮತ್ತೆ ಪ್ರಯತ್ನಿಸಿ.'

ಮತ್ತೆ ಪ್ರಯತ್ನಿಸಿದ. ಮುಂದಿನ ಕಿಂಡಿ ಬಿಟ್ಟು ಹಿಂದಿನ ಕಿಂಡಿಗೆ ಸಿಕ್ಕಿಸಿದ. ವೈರು ಬದಲಿಸಿದ. ಹತ್ತು ಸಲ, ಇಪ್ಪತ್ತು ಸಲ, ಬೆರಳಿನ ಗೆರೆ ಸವೆಯುವಷ್ಟು ಸಲ. ಪತ್ತೆಯಾಗಿಲ್ಲ, ಪತ್ತೆಯಾಗಿಲ್ಲ.

ಮಹಡಿಯಿಂದ ಕೆಳಗೆ ಬಗ್ಗಿ, ಮನೆಯೊಡತಿ ಚಿಕ್ಕಮ್ಮನನ್ನು ಕೂಗಿದ. "ಚಿಕ್ಕಮ್ಮಾ, ಇವತ್ತು ಯಾರು ಬಂದ್ರೂ ಮೇಲೆ ಬಿಡಬೇಡಿ. ಪ್ರಾಣ ಹೋಗೋ ಕೆಲಸ ಇದೆ!"

"ನೊಣಾನೂ ಬಿಡಲ್ಲ ಹೋಗೋ," ಅಂದಳು ಚಿಕ್ಕಮ್ಮ. ಅವಳು ಮೆಟ್ಟಿಲ ಬುಡದಲ್ಲಿ ಕುರ್ಚಿ ಹಾಕಿಕೊಂಡು ಕೂತರೆ ಸೈನ್ಯವೂ ದಾಟುವ ಹಾಗಿರಲಿಲ್ಲ. ಬಂದವರನ್ನು ಓಡಿಸಲು ಅವಳ ಬತ್ತಳಿಕೆಯಲ್ಲಿ ಮುನ್ನೂರು ಸುಳ್ಳುಗಳಿದ್ದವು. ಒಮ್ಮೆ ಬಳಸಿದ್ದನ್ನು ಇನ್ನೊಮ್ಮೆ ಬಳಸುವ ಬಡತನ ಅವಳಿಗಿರಲಿಲ್ಲ. ಆದರೆ ಅವಳು ತಡೆಯುತ್ತಿದ್ದದ್ದು ಹೊರಗಿನವರನ್ನು; ಪಕ್ಕದ ಮನೆಯ ರೇಡಿಯೋ ಮಾವ ಅವಳ ಲೆಕ್ಕದಲ್ಲಿ ಹೊರಗಿನವನಲ್ಲ.

ರೇಡಿಯೋ ಮಾವ ನಲವತ್ತು ವರ್ಷ ರೇಡಿಯೋ ರಿಪೇರಿ ಮಾಡಿದವನು. ಜಗತ್ತಿನ ಎಲ್ಲ ಕಾಯಿಲೆಗೂ, ಗಂಡಹೆಂಡಿರ ಜಗಳಕ್ಕೂ, ಅವನ ಬಳಿ ಇದ್ದದ್ದು ಒಂದೇ ಮದ್ದು.

"ಲೂಸ್ ಕಾಂಟ್ಯಾಕ್ಟು," ಅಂದ, ಬಾಗಿಲಲ್ಲೇ. ಬಂದವನೇ ಪೆಟ್ಟಿಗೆಯ ಬೆನ್ನಿಗೆ ಎರಡು ಗುದ್ದಿದ. ಮೇಜು ಅಲುಗಾಡಲಿಲ್ಲ. "ಅರೆ, ನಿನ್ನ ಮೇಜಿಗೆ ಒಂದು ಕಾಲು ಗಿಡ್ಡ ಇತ್ತಲ್ಲೋ? ನೆಟ್ಟಗೆ ನಿಂತಿದೆ!"

"ಏನೋ ಕೊಟ್ಟಿದ್ದೀನಿ ಕೆಳಗೆ. ಅದಿರ್ಲಿ ಮಾವ, ಮೆಲ್ಲಗೆ ಹೊಡೀರಿ! ಅದ್ರೊಳಗೆ ನನ್ನ..."

"ನಿನ್ನ?"

"ನನ್ನ... ಲೈಬ್ರರಿ ಕಡತ ಇದೆ."

ರೇಡಿಯೋ ಮಾವ ಪೆಟ್ಟಿಗೆಯನ್ನು ಕೈಯಲ್ಲಿ ತೂಗಿದ. "ಹೂವಿನ ಹಾಗಿದೆಯಲ್ಲೋ. ಡಿಸ್ಕು ಅಂದ್ರೆ ಭಾರ ಇರ್ಬೇಕಲ್ವಾ?"

"ಹಳೇ ಕಾಲದ್ದು ಭಾರ, ಮಾವ. ಒಳ್ಳೇ ಕಂಪನಿದು ಹಗುರವಾಗೇ ಇರುತ್ತೆ," ಅಂದ ಮಾಸ್ತರ. ಗೊತ್ತಿಲ್ಲದ್ದನ್ನು ಇಷ್ಟು ಗಟ್ಟಿಯಾಗಿ ಹೇಳುವವರು ಭೂಮಿಯ ಮೇಲೆ ಇಬ್ಬರೇ. ಇನ್ನೊಬ್ಬ ಆಗಲೇ ಮೆಟ್ಟಿಲು ಹತ್ತುತ್ತಿದ್ದ. ಅವನು ಅಕ್ಕನ ಗಂಡ, ಫ್ರಿಜ್ ರಿಪೇರಿ ಭಾವ.

ಅಷ್ಟರಲ್ಲಿ ಮಾಸ್ತರ ಆ ರಿಕವರಿ ಸಿಡಿಯ ಸಾಫ್ಟ್‌ವೇರಿನವರ ಸಹಾಯವಾಣಿಗೆ ಫೋನು ಹಚ್ಚಿದ್ದ. ಮುಕ್ಕಾಲು ಗಂಟೆ ವಾದ್ಯಸಂಗೀತ ಕೇಳಿಸಿ, ಕೊನೆಗೊಬ್ಬ ಹುಡುಗಿ ಸಿಕ್ಕಳು.

"ದೀಪ ಬರ್ತಿದೆಯಾ ಸರ್?"

"ಬರ್ತಿದೆ."

"ಡಿಸ್ಕ್ ತಿರುಗೋ ಸದ್ದು?"

"ಇಲ್ಲ. ನನ್ನ ಸಾಮಾನು ಯಾವತ್ತೂ ಸದ್ದು ಮಾಡಲ್ಲ."

"ಸರ್, ತಪ್ಪು ತಿಳೀಬೇಡಿ... ಪೆಟ್ಟಿಗೆ ಒಳಗೆ ಡಿಸ್ಕ್ ಇದೆ ತಾನೆ?"

ಮಾಸ್ತರನಿಗೆ ಮೈಯೆಲ್ಲ ಉರಿದುಹೋಯಿತು. "ಏನಮ್ಮಾ! ನಾನು ಯಾರು ಅಂತ ಗೊತ್ತಾ? ಈ ಊರಿಗೆ ಬ್ಯಾಕಪ್ ಕಲಿಸಿದೋನು ನಾನು! ಡಿಸ್ಕ್ ಇದೆಯಾ ಅಂತ ಕೇಳ್ತೀಯಲ್ಲ, ಊಟ ಮಾಡೋನಿಗೆ ಬಾಯಿದೆಯಾ ಅಂತ ಕೇಳಿದ ಹಾಗೆ!" ಎಂದು ಫೋನು ಕುಕ್ಕಿದ.

"ಸರಿಯಾಗಿ ಹೇಳ್ದೆ," ಅಂದ ಭಾವ. "ನೋಡಯ್ಯ, ಇದು ಬಿಸಿ ಹಿಡಿದಿರೋದು. ಯಾವುದೇ ಯಂತ್ರ ಇರ್ಲಿ, ತಣ್ಣಗಾದ್ರೆ ಮಾತು ಕೇಳುತ್ತೆ. ಮನುಷ್ಯರೂ ಅಷ್ಟೇ, ನಿಮ್ಮಕ್ಕನ್ನ ಬಿಟ್ಟು." ಮಾಸ್ತರ ಬೇಡ ಬೇಡವೆನ್ನುತ್ತಿದ್ದಂತೆ ಪೆಟ್ಟಿಗೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಫ್ರಿಜ್ಜಿನ ಮೇಲಿನ ಖಾನೆಗೆ ತುರುಕಿದ. "ಎರಡು ಗಂಟೆ ಮುಟ್ಟಬೇಡ."

ಆ ಎರಡು ಗಂಟೆ ಮಾಸ್ತರ ಫ್ರಿಜ್ಜಿನ ಮುಂದೆ, ಆಪರೇಷನ್ ಕೋಣೆಯ ಹೊರಗೆ ಕೂತ ಗಂಡನಂತೆ ಕೂತ. ಒಳಗಿದ್ದದ್ದು ಒಂದು ಮುಖ, ಒಂದು ತಿರುಗಿದ ಕತ್ತು, ಕಿವಿಯ ಹಿಂದೆ ಸಿಕ್ಕಿಸಿದ ಪೆನ್ಸಿಲ್ಲು. ಅವಳಿಗೆ ಚಳಿಯಾದೀತೇ ಎಂದು ಒಮ್ಮೆ ಅನ್ನಿಸಿ, ಎದ್ದು ಫ್ರಿಜ್ಜಿನ ಗುಂಡಿಯನ್ನು ಸ್ವಲ್ಪ ತಿರುವಿಟ್ಟು ಬಂದ.

ಒಂದೂವರೆಗೆ ಚಿಕ್ಕಮ್ಮ ಊಟದ ತಟ್ಟೆ ಹಿಡಿದು, ಯುದ್ಧ ಗೆದ್ದವಳಂತೆ ಮೇಲೆ ಬಂದಳು. "ಮೂರು ಜನಾನ ಓಡಿಸ್ದೆ ಕಣೋ. ನೀರಿನ ಮೀಟರಿನೋನಿಗೆ ಮೇಲಿರೋನಿಗೆ ಸಿಡುಬು ಅಂದೆ, ಮೀಟರೂ ನೋಡದೆ ಓಡಿದ. ಕುಕ್ಕರ್ ಮಾರೋನಿಗೆ ಇಲ್ಲಿ ಯಾರೂ ಬೇಯಿಸಿದ್ದು ತಿನ್ನಲ್ಲ ಅಂದೆ. ಆಮೇಲೊಬ್ಬಳು, ಬ್ಯಾಗು ತಗಲಾಕ್ಕೊಂಡು, ಅವ್ರಿದ್ದಾರಾ ಇವ್ರಿದ್ದಾರಾ ಅಂತ. ವಿಮೆಯೋಳೇ ಇರ್ಬೇಕು. ಅವನಿಗೆ ಹೆಂಡ್ತಿ ಇದ್ದಾಳೆ, ನಾಲ್ಕು ಮಕ್ಕಳಿದ್ದಾವೆ, ಎಲ್ಲರಿಗೂ ಪಾಲಿಸಿ ಮಾಡಿಸಿ ಆಗಿದೆ ಹೋಗಮ್ಮ ಅಂದೆ. ಮುಖ ಇಷ್ಟಗಲ ಮಾಡ್ಕೊಂಡು ನಿಂತಿದ್ಲು, ಇಷ್ಟೇ ಇಷ್ಟು ಮಾಡ್ಕೊಂಡು ಹೋದ್ಲು!"

"ಒಳ್ಳೇದು ಮಾಡಿದ್ರಿ ಚಿಕ್ಕಮ್ಮ," ಅಂದ ಮಾಸ್ತರ, ಫ್ರಿಜ್ಜಿನಿಂದ ಕಣ್ಣು ತೆಗೆಯದೆ.

ಮೂರು ಗಂಟೆಗೆ ಪೆಟ್ಟಿಗೆ ಹೊರಬಂತು. ಮೈಯೆಲ್ಲ ಮಂಜು. ಭಾವ ಹಿಡಿದ, ಜಾರಿತು. ರೇಡಿಯೋ ಮಾವ ಹಿಡಿದ, ಜಾರಿತು. ಮಾಸ್ತರ ಹಾರಿ ಹಿಡಿಯಹೋಗಿ ತಾನೇ ಅದರ ಮೇಲೆ ಬಿದ್ದ. ಫಟ್ ಎಂದು ಪೆಟ್ಟಿಗೆ ಎರಡು ಹೋಳಾಯಿತು.

ಒಳಗೆ ಏನೂ ಇರಲಿಲ್ಲ. ಒಂದು ನೀಲಿ ದೀಪ, ಬೆರಳುದ್ದದ ಒಂದು ಸರ್ಕ್ಯೂಟ್ ಹಲಗೆ, ಉಳಿದದ್ದು ಬರೀ ಗಾಳಿ.

ಬೆಳಗಿನಿಂದ ಮನೆಯಲ್ಲಿ ನಿಜ ನುಡಿದದ್ದು ಆ ಸಾಫ್ಟ್‌ವೇರೊಂದೇ.

"ಕಳ್ಳತನ!" ಎಂದು ಭಾವ ಕೂಗಿದ. ಕಳ್ಳ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಮಾಸ್ತರನ ತಲೆಯೊಳಗೆ ಏನೋ ತೆರೆಯಿತು. ಆರು ತಿಂಗಳ ಹಿಂದೆ ಬೀದಿಯಲ್ಲಿ ಕಳ್ಳರ ಗುಲ್ಲೆದ್ದಿತ್ತು. ಪೆಟ್ಟಿಗೆ ಕದ್ದರೂ ಕಳ್ಳನಿಗೆ ಅವಳು ಸಿಗಬಾರದೆಂದು ಡಿಸ್ಕನ್ನು ಹೊರತೆಗೆದು, ತಗಡಿನ ಡಬ್ಬಿಗೆ ಹಾಕಿ, ರೆಕ್ಸಿನ್ನು ಸುತ್ತಿ, ಭೂಮಿಯ ಮೇಲೆ ಯಾರೂ ಹುಡುಕದ ಜಾಗದಲ್ಲಿ ಇಟ್ಟಿದ್ದ. ಅಷ್ಟು ಭದ್ರವಾದ ಜಾಗ, ಅವನಿಗೇ ಮರೆತುಹೋಗುವಷ್ಟು.

ಮಾಸ್ತರ ನಿಧಾನವಾಗಿ ಮೇಜಿನ ಗಿಡ್ಡ ಕಾಲು ನೋಡಿದ; ಅವನ ಕಣ್ಣು ಹೋದ ಕಡೆಗೇ ಉಳಿದಿಬ್ಬರೂ ನೋಡಿದರು.

ಭಾವ ಮೇಜೆತ್ತಿದ, ಮಾಸ್ತರ ಕಾಲಡಿಯ ಡಬ್ಬಿ ಎಳೆದ. ಪೆಟ್ಟಿಗೆಯ ಹಲಗೆಗೆ ಜೋಡಿಸಿದ ಕ್ಷಣವೇ ಡಿಸ್ಕು ಗುಂಯ್ ಎಂದಿತು, ಪರದೆ ಥಟ್ಟನೆ ಒಪ್ಪಿಕೊಂಡಿತು. ಹತ್ತೊಂಬತ್ತು ಜನ ಬಂದು ನಿಂತರು.

"ಓಹೋ, ಲೈಬ್ರರಿ ಕಡತ!" ಎಂದ ಭಾವ, ಎಡತುದಿಗೆ ಬಗ್ಗಿ. "ನಿನ್ನನ್ನೇ ನೋಡ್ತಿದ್ದಾಳಲ್ಲಯ್ಯ!"

"ಗಡಿಯಾರ ನೋಡ್ತಿರೋದು," ಅಂದ ರೇಡಿಯೋ ಮಾವ. "ಐದಾಗಿದೆ ನೋಡು. ಐದಾದ್ರೆ ಯಾರಾದ್ರೂ ಅದನ್ನೇ ನೋಡೋದು."

ಅವರಿಬ್ಬರ ಜಗಳ ಬಿಟ್ಟು ಮಾಸ್ತರ ಫೋಟೋವನ್ನು ಪೆನ್‌ಡ್ರೈವಿಗೆ ಇಳಿಸಿಕೊಂಡು ಓಡಿದ. ಮೂಲೆಯ ಸ್ಟುಡಿಯೋದಲ್ಲಿ ಕರೆಂಟಿಲ್ಲ; ಮುಂದಿನ ಬೀದಿಯದರಲ್ಲಿ ಪ್ರಿಂಟು ತೆಗೆಸಿ, ಒದ್ದೆ ಮಗುವನ್ನು ಹಿಡಿದಂತೆ ಎರಡೂ ಅಂಗೈ ಮೇಲೆ ಹಿಡಿದುಕೊಂಡು, ಅರ್ಧ ಗಡ್ಡದ ಮುಖದಲ್ಲೇ, ಗಾಳಿಗಿಂತ ಎರಡು ಹೆಜ್ಜೆ ಮುಂದೆ ಬಸ್ ಸ್ಟ್ಯಾಂಡ್ ಮುಟ್ಟಿದಾಗ ಐದಕ್ಕೆ ಮೂರು ನಿಮಿಷವಿತ್ತು.

ಬಸ್ಸು ನಿಂತಿತ್ತು. ಒಂದೊಂದೇ ಕಿಟಕಿ ನೋಡುತ್ತ ಹೋದ. ಮತ್ತೊಮ್ಮೆ ನೋಡುತ್ತ ಬಂದ. ಎಲ್ಲ ಕಿಟಕಿಯಲ್ಲೂ ಯಾರೋ ಇದ್ದರು. ಐದಾಯಿತು, ಬಸ್ಸು ಹೊರಟಿತು, ಅದು ನಿಂತಿದ್ದ ಜಾಗದಲ್ಲಿ ಎಣ್ಣೆಯ ಕಲೆಯೊಂದು ಉಳಿಯಿತು.

ವಿಚಾರಣೆಯ ಕಿಂಡಿಯವನು ಕರೆದ. "ಬ್ಯಾಕಪ್ ಮಾಸ್ತರು ನೀವೇನಾ? ಅರ್ಧ ಗಡ್ಡ ನೋಡಿ ನೀವು ಹೌದೋ ಅಲ್ವೋ ಅಂತ ಅನುಮಾನ ಆಯ್ತು. ಒಬ್ರು ಮೇಡಂ ಎರಡು ಗಂಟೆ ಬಸ್ಸಿಗೇ ಹೋದ್ರು. ಇದು ಕೊಟ್ಟಿದ್ದಾರೆ."

ಪುಸ್ತಕದ ಕಾರ್ಡಿನ ಹಿಂಬದಿಗೆ ಪೆನ್ಸಿಲ್ಲಿನಲ್ಲಿ ಬರೆದ ಚೀಟಿ.

'ಫೋಟೋ ನನ್ನ ಹತ್ತಿರವೂ ಇದೆ. ಅದೊಂದು ನೆಪ ಮಾಡಿಕೊಂಡು ನಿಮ್ಮನ್ನು ನೋಡಲು ಮನೆಗೆ ಬಂದಿದ್ದೆ. ನಾಲ್ಕು ಮಕ್ಕಳ ವಿಷಯ ತಿಳಿಯಿತು. ತುಂಬ ಸಂತೋಷ. ಆ ಫೋಟೋದಲ್ಲಿ ನಾನು ಗಡಿಯಾರ ನೋಡುತ್ತಿದ್ದೆ ಎಂದು ನೀವು ಇಷ್ಟು ದಿನ ಅಂದುಕೊಂಡಿದ್ದರೆ, ಇನ್ನು ಮುಂದೆಯೂ ಹಾಗೇ ಅಂದುಕೊಂಡಿರಿ.'

ಕೆಳಗೆ ಊರಿಲ್ಲ, ನಂಬರಿಲ್ಲ.

ಅವನು ಮನೆಗೆ ಬಂದಾಗ ಚಿಕ್ಕಮ್ಮ ಇನ್ನೂ ಮೆಟ್ಟಿಲ ಬುಡದಲ್ಲೇ ಕಾವಲಿದ್ದಳು. ಅವಳನ್ನು ಬಯ್ಯಬೇಕೆಂದು ದಾರಿಯುದ್ದಕ್ಕೂ ಬೈಗುಳ ಪೋಣಿಸಿಕೊಂಡು ಬಂದಿದ್ದ. ಕಾವಲಿಗೆ ಕೂರಿಸಿದವನು ತಾನೇ ಎಂದು ನೆನಪಾಗಿ ಅವಳ ಪಕ್ಕದ ಮೆಟ್ಟಿಲ ಮೇಲೆ ಕೂತ.

"ಚಿಕ್ಕಮ್ಮ, ಆ ವಿಮೆಯೋಳು ಇನ್ನೇನಾದ್ರೂ ಕೇಳಿದ್ಲಾ?"

"ಕೇಳಿದ್ಲು ಕಣೋ. ಮಕ್ಕಳು ಹೇಗಿದ್ದಾವೆ ಅಂದ್ಲು. ನಾನು ಬಿಡ್ತೀನಾ? ಮೂರು ಗಂಡು, ಒಂದಕ್ಕಿಂತ ಒಂದು ತುಂಟ ಅಂದೆ."

"ಕೊನೇದು?"

"ಕೊನೇದು ಹೆಣ್ಣು. ಥೇಟ್ ಅವಳಮ್ಮನ ಹಾಗೆ."

ಮಾಸ್ತರ ಕೈಯಲ್ಲಿದ್ದ ಫೋಟೋದ ಎಡತುದಿಯನ್ನು ಬಹಳ ಹೊತ್ತು ನೋಡಿದ.

"ಹೌದು ಚಿಕ್ಕಮ್ಮ," ಅಂದ. "ಥೇಟ್."

ಆಮೇಲೆ ಎದ್ದು ಮೇಲೆ ಹೋದ. ಮೇಜು ಒಂದು ಕಡೆಗೆ ವಾಲಿಕೊಂಡು ಅವನಿಗಾಗಿ ಕಾಯುತ್ತಿತ್ತು.