ನೀಲಿ ರಕ್ತದ ನೆಂಟರು

ಏಡಿಯ ರಕ್ತ ತೆಗೆಯುವುದು ನನ್ನ ಕೆಲಸ ಅಂದ ತಕ್ಷಣ ಎದುರಿಗೆ ಕೂತವರು ಕುರ್ಚಿಯನ್ನು ಒಂದು ಗೇಣು ಹಿಂದಕ್ಕೆ ಸರಿಸಿಕೊಳ್ಳುತ್ತಾರೆ. ಆಮೇಲೆ, "ಏಡಿಗೂ ರಕ್ತ ಇರತ್ತಾ?" ಅಂತ ಕೇಳಿ ಎರಡು ಗೇಣು ಮುಂದಕ್ಕೆ ಬರುತ್ತಾರೆ. ಇಂಥ ಕೆಲಸ ಹಿಡಿದವಳ ಬದುಕಿನಲ್ಲಿ ವಾರಕ್ಕೊಂದಾದರೂ ನಗೆಪ್ರಸಂಗ ತಾನಾಗಿ ನಡೆದೇ ನಡೆಯುತ್ತದೆ. ನಾನು ಹುಡುಕಿಕೊಂಡು ಹೋಗಬೇಕಿಲ್ಲ.

ಏಡಿಗೆ ರಕ್ತ ಇರುತ್ತದೆ. ಕೆಂಪಲ್ಲ, ತಿಳಿನೀಲಿ. ನಾವು ಮೈಸೂರಿನವರು. ಗಂಡನಿಗೆ ಚೆನ್ನೈಗೆ ವರ್ಗವಾಗಿ ಇಲ್ಲಿಗೆ ಬಂದ ಮೇಲೆ, ಪಲ್ಲಾವರಂ ಕಡೆಯ ಒಂದು ಕಾಲೇಜಿನ ಲ್ಯಾಬಿನಲ್ಲಿ ನನಗೆ ಸಂಶೋಧನೆಯ ಕೆಲಸ ಸಿಕ್ಕಿತು. ಮನುಷ್ಯನ ಮೈ ರೋಗದ ಜೊತೆ ಹೇಗೆ ಹೋರಾಡುತ್ತದೆ ಅಂತ ಲೋಕವೆಲ್ಲ ಓದುತ್ತದೆ. ಲಸಿಕೆಯಿಲ್ಲದೆ, ಡಾಕ್ಟರಿಲ್ಲದೆ, ಕೊಳಕು ನೀರಿನಲ್ಲಿ ಏಡಿ ಹೇಗೆ ಬದುಕಿಕೊಳ್ಳುತ್ತದೆ, ಅದರ ರಕ್ತದಿಂದ ನಮಗೇನಾದರೂ ಔಷಧಿಯ ದಾರಿ ಸಿಕ್ಕೀತೇ ಅನ್ನುವುದು ನಮ್ಮ ಲ್ಯಾಬಿನ ಪ್ರಶ್ನೆ. ನಮ್ಮ ಪ್ರೊಫೆಸರ್ ಸಾರ್ ಹರೆಯದಿಂದಲೂ ಇದನ್ನೇ ಕೇಳುತ್ತಾ ಬಂದು ನಿವೃತ್ತಿಯ ಅಂಚಿಗೆ ಬಂದಿದ್ದಾರೆ. ಏಡಿಗಳು ಇನ್ನೂ ಪೂರ್ತಿ ಬಾಯಿ ಬಿಟ್ಟಿಲ್ಲ.

ಬಾಣಂತಿ ಏಡಿ

ಏಡಿಗಳು ಲ್ಯಾಬಿಗೆ ತಾವಾಗಿ ಬರುವುದಿಲ್ಲ. ಬೆಳಿಗ್ಗೆ ಮಾಂಬಲಂನಲ್ಲಿ ಲೋಕಲ್ ಟ್ರೈನ್ ಹತ್ತಿ, ಸೈದಾಪೇಟೆಯಲ್ಲಿಳಿದು, ಮೀನು ಮಾರ್ಕೆಟ್ಟಿನಲ್ಲಿ ಜೀವಂತ ಏಡಿ ಕೊಂಡು, ಮತ್ತೆ ಟ್ರೈನ್ ಹತ್ತಬೇಕು. ಮೊಟ್ಟೆ ಕೂಡ ಮುಟ್ಟದ ಮನೆಯಲ್ಲಿ ಬೆಳೆದ ನಾನು ಮೊದಲ ದಿನ ದುಪಟ್ಟಾದಲ್ಲಿ ಮೂಗು ಮುಚ್ಚಿಕೊಂಡು ನಿಂತಿದ್ದೆ. ಏಡಿ ಮಾರುವ ಅಕ್ಕ ತಮಿಳಿನಲ್ಲಿ ಕೇಳಿದಳು: "ಸಾರು ಮಾಡ್ತೀಯಾ, ಹುರೀತೀಯಾ?"

"ಎರಡೂ ಇಲ್ಲಕ್ಕಾ. ಸ್ವಲ್ಪ ರಕ್ತ ತೆಗೆದು ನೋಡ್ತೀನಿ," ಅಂದೆ, ನನ್ನ ಹರುಕು ತಮಿಳಿನಲ್ಲಿ.

ಅಕ್ಕ ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. ಪಕ್ಕದಲ್ಲಿದ್ದ ಕತ್ತಿಯನ್ನು ಮೆಲ್ಲಗೆ ತನ್ನ ಕಡೆಗೆ ಎಳೆದುಕೊಂಡಳು.

ಮೂರು ತಿಂಗಳಾದರೂ ನಮ್ಮ ಲೆಕ್ಕ ಕೂಡಿಬರಲಿಲ್ಲ. ಒಂದು ಏಡಿಯಲ್ಲಿ ರಕ್ತಕಣ ಬೇಕಾದಷ್ಟು, ಇನ್ನೊಂದರಲ್ಲಿ ಏನೇನೂ ಇಲ್ಲ. ಸಾರ್ ಊಟ ಬಿಟ್ಟು ಕೂತರು. ನನ್ನ ಕೆಲಸ ಉಳಿಯುವುದೇ ಅನುಮಾನವಾಯಿತು. ಒಂದು ಬೆಳಿಗ್ಗೆ ಅಕ್ಕನ ಮುಂದೆ ಅದನ್ನೇ ಹೇಳಿಕೊಂಡು ಕಣ್ಣೊರೆಸಿಕೊಂಡೆ. ಅಕ್ಕ ನನ್ನ ಬುಟ್ಟಿಯಿಂದ ಒಂದು ಏಡಿಯನ್ನು ತೆಗೆದು ಹೊಟ್ಟೆಯ ಚಿಪ್ಪನ್ನು ಹೆಬ್ಬೆರಳಿನಿಂದ ಒತ್ತಿದಳು. ಅದು ಹಪ್ಪಳದ ಹಿಟ್ಟಿನ ಹಾಗೆ ಬಗ್ಗಿತು.

"ಇದು ಚಿಪ್ಪು ಕಳಚಿ ನಾಲ್ಕು ದಿನ ಆಗಿಲ್ಲ. ಒಳಗೆ ಬರೀ ನೀರು. ಬಾಣಂತಿ ಹತ್ರ ಯಾರಾದ್ರೂ ರಕ್ತ ತೆಗೀತಾರಾ?"

"ಮತ್ತೆ ನಂಗ್ಯಾಕೆ ಇದನ್ನ ಕೊಟ್ಟೆ?"

"ನೀನು ತಿನ್ನಲ್ಲ ಅಂದೆಯಲ್ಲ! ತಿನ್ನೋರಿಗೆ ಗಟ್ಟಿ ಇರೋದನ್ನ ಕೊಟ್ಟು, ಉಳಿದಿದ್ದು ನಿಂಗೆ ಕೊಡ್ತಿದ್ದೆ."

ಅಂದಿನಿಂದ ಪ್ರತಿಯೊಂದು ಏಡಿಯನ್ನೂ ಅವಳೇ ಒತ್ತಿ ನೋಡಿ ಆರಿಸಿಕೊಟ್ಟಳು. ಲೆಕ್ಕ ಕೂಡಿಬಂತು, ಲೇಖನ ಅಚ್ಚಾಯಿತು. ಸಾರ್ ಕೊನೆಯಲ್ಲಿ ಅವಳಿಗೂ ಕೃತಜ್ಞತೆ ಬರೆದಿದ್ದರು. ಆ ಹಾಳೆಯನ್ನು ತೆಗೆದುಕೊಂಡು ಹೋಗಿ ಓದಿ, ಅರ್ಥ ಹೇಳಿದೆ. ಅಕ್ಕ ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಂಡು ಹಾಳೆ ಮುಟ್ಟಿದಳು. ಕಣ್ಣು ತುಂಬಿಬಂದಿತ್ತು. ಆಮೇಲೆ ಕೇಳಿದಳು: "ಎಲ್ಲಾ ಸರಿ. ಏಡಿ ಫ್ರೆಶ್ ಅಂತ ಎಲ್ಲಿ ಬರೆದಿದೆ?"

ಯಾರ ಆತ್ತು ನಂಡು?

ವೆಸ್ಟ್ ಮಾಂಬಲಂನಲ್ಲಿ ನಾವಿರುವುದು ಮೊದಲ ಮಹಡಿ. ಕೆಳಗೆ ಮನೆಯೊಡತಿ ಮಾಮಿ. ಮೂರು ತಲೆಮಾರಿನಿಂದ ಮದ್ರಾಸಿನಲ್ಲೇ ಇರುವ ಮಾಧ್ವರು. ಮಾಮಿಯ ಕನ್ನಡದಲ್ಲಿ ಅರ್ಧ ತಮಿಳು. ಬಾಡಿಗೆಗೆ ಬಂದಾಗ ಒಂದೇ ಷರತ್ತು ಹಾಕಿದ್ದರು: "ಈರುಳ್ಳಿ ಬೇಕಾದ್ರೆ ತಿನ್ನುಮ್ಮಾ. ಕಾಲಿರೋದು ಮಾತ್ರ ಆತ್ತೊಳಗೆ ಬರಕೂಡದು." ಆತ್ತು ಅಂದರೆ ಮನೆ.

ಒಂದು ಕಾರ್ತೀಕದಲ್ಲಿ ಜಡಿಮಳೆ ಹಿಡಿಯಿತು. ನಾನು ಆರು ಏಡಿ ಕೊಂಡು ಸೈದಾಪೇಟೆ ಸ್ಟೇಷನ್ನಿಗೆ ಬರುವಷ್ಟರಲ್ಲಿ ಟ್ರೈನ್ ನಿಂತುಹೋಗಿತ್ತು. ಮೊಣಕಾಲುದ್ದ ನೀರಿನಲ್ಲಿ ಬುಟ್ಟಿಯನ್ನು ತಲೆಯ ಮೇಲೆ ಹೊತ್ತು ಮನೆಗೆ ನಡೆದೆ. ಬೇರೆ ದಾರಿಯಿಲ್ಲದೆ ಬಚ್ಚಲಿನಲ್ಲಿ ಒದ್ದೆ ಗೋಣಿಚೀಲದ ಕೆಳಗೆ ಅವನ್ನು ಬಚ್ಚಿಟ್ಟೆ.

ಬೆಳಿಗ್ಗೆ ಎಣಿಸಿದರೆ ಐದೇ ಇದ್ದವು. ಅಷ್ಟರಲ್ಲಿ ಕೆಳಗಿನಿಂದ ಮಾಮಿಯ ಕೂಗು: "ಇದು ಯಾರ ಆತ್ತು ನಂಡು?"

ನಂಡು ಅಂದರೆ ಏಡಿ. ಓಡಿಹೋಗಿ ನೋಡಿದರೆ ಅದು ತುಳಸಿಕಟ್ಟೆಯ ಮುಂದೆ ಎರಡೂ ಕೊಂಡಿ ಎತ್ತಿ ನಿಂತಿದೆ. ಮಾಮಿ ಅರಿಸಿನ ಕುಂಕುಮದ ತಟ್ಟೆ ಹಿಡಿದು ಅದರೆದುರು ನಿಂತಿದ್ದಾರೆ. ಈ ಮಳೆಯಲ್ಲಿ ಪಾತ್ರೆಪಗಡ, ಮಗಳು, ಐದು ಏಡಿ ಕಟ್ಟಿಕೊಂಡು ಎಲ್ಲಿಗೆ ಹೋಗುವುದು ಅಂತ ಮನಸ್ಸಿನಲ್ಲೇ ಲೆಕ್ಕ ಹಾಕಿದೆ.

"ನಮ್ಮದೇ ಮಾಮಿ."

"ತಿನ್ನೋದಕ್ಕಾ?"

"ಇಲ್ಲ ಮಾಮಿ! ರಕ್ತ ಪರೀಕ್ಷೆಗೆ."

"ಕೊಲ್ತೀಯಾ?"

"ಇಲ್ಲ. ಸೂಜಿ ಹಾಕಿ ನಾಲ್ಕು ತೊಟ್ಟು ತೆಗೆದು ಮತ್ತೆ ನೀರಿಗೆ ಬಿಟ್ಟು ಸಾಕ್ತೀವಿ."

ಮಾಮಿ ಬಗ್ಗಿ ಏಡಿಯ ಮುಖ ನೋಡಿದರು. "ಪಾವಂ, ಪಾಪ! ಅದಕ್ಕೂ ಷುಗರ್ ಇದೆಯಾಮ್ಮಾ?"

ಮಳೆ ನಿಂತು ಟ್ರೈನ್ ಓಡುವವರೆಗೆ, ಎರಡು ದಿನ, ಆರೂ ಏಡಿ ನಮ್ಮ ಬಚ್ಚಲಿನಲ್ಲೇ ಇದ್ದವು. ಗೋಣಿಚೀಲ ಒರಟು ಅಂತ ಮಾಮಿ ತಮ್ಮ ಹಳೆಯ ಮೆತ್ತನೆ ಟವೆಲ್ ಕೊಟ್ಟರು. ಹೊರಟ ದಿನ ಗೇಟಿನ ತನಕ ಬಂದು ಬುಟ್ಟಿಯೊಳಗೆ ಇಣುಕಿ, "ಜಾಗ್ರತೆ," ಅಂದರು. ನನಗೋ, ಏಡಿಗಳಿಗೋ ತಿಳಿಯಲಿಲ್ಲ.

ಸಾಯಂಕಾಲ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ ನಮ್ಮ ಮನೆಗೆ ಬಂದರು. ಕುರ್ಚಿಯಲ್ಲಿ ಕೂತು ಕಾಲು ಮುಂದಕ್ಕೆ ಚಾಚಿದರು. "ಹತ್ತು ಕಾಲಿರೋದನ್ನೆಲ್ಲ ನೋಡ್ಕೊಳ್ತೀಯ. ನಂದು ಎರಡೇ ಇರೋದು. ಈ ಮೊಣಕಾಲು ಸ್ವಲ್ಪ ಏನೂಂತ ನೋಡುಮ್ಮಾ."

ಒಳಗಿನವು, ಹೊರಗಿನವು

ಲ್ಯಾಬಿನಲ್ಲಿ ಏಡಿಗಳ ಜೊತೆ, ಅವುಗಳ ಹಾಗೇ ಕೊಳಕಿನಲ್ಲಿ ರೋಗವಿಲ್ಲದೆ ಬದುಕುವ ಜಿರಲೆಗಳನ್ನೂ ಪರೀಕ್ಷೆಗೆಂದು ಸಾಕುತ್ತೇವೆ. ಗಾಜಿನ ಪೆಟ್ಟಿಗೆ, ಹತ್ತಿಯಲ್ಲಿ ನೀರು, ಬಿಸ್ಕತ್ತಿನ ಪುಡಿ. ಅವನ್ನು ನೋಡಿಕೊಳ್ಳುವವರು ನಮ್ಮ ಅಟೆಂಡರ್ ಅಣ್ಣ. ತಮ್ಮ ಟೀ ಜೊತೆಗಿನ ಬಿಸ್ಕತ್ತನ್ನೂ ಮುರಿದು ಹಾಕುತ್ತಾರೆ.

ಒಂದು ಶನಿವಾರ ಬೆನ್ನಿಗೆ ಔಷಧಿಯ ಡಬ್ಬಿ ಕಟ್ಟಿಕೊಂಡ ಒಬ್ಬ ಮನುಷ್ಯ ಬಂದ. ಕಾಲೇಜಿನಲ್ಲಿ ಜಿರಲೆ ಕಾಟ ಜಾಸ್ತಿ ಅಂತ ಆಫೀಸಿನವರೇ ಕರೆಸಿದ್ದರು. ಅವನು ನಮ್ಮ ಬಾಗಿಲಿಗೆ ಬಂದಾಗ ಅಣ್ಣ ಎರಡೂ ಕೈ ಚಾಚಿ ಅಡ್ಡ ನಿಂತರು. ಒಳಗಿದ್ದದ್ದು ನಮ್ಮ ಆರು ತಿಂಗಳ ಕೆಲಸ. ಒಂದು ಸಲ ಪಿಚಕಾರಿ ಒತ್ತಿದರೆ ಮುಗಿಯಿತು.

"ಒಳಗಿರೋದು ಸರ್ಕಾರಿ ಜಿರಲೆ. ಸರ್ಕಾರ ದುಡ್ಡು ಕೊಟ್ಟು ಸಾಕ್ತಿದೆ. ಮುಟ್ಟಿದ್ರೆ ಕೇಸ್ ಆಗತ್ತೆ."

ಆ ಮನುಷ್ಯ ಹೆದರಿಬಿಟ್ಟ. "ಅಣ್ಣಾ, ನಂಗೆ ಹೇಗೆ ಗೊತ್ತಾಗ್ಬೇಕು, ಯಾವುದು ಸರ್ಕಾರದ್ದು ಅಂತ?"

ಅಣ್ಣ ಕಾರಿಡಾರಿನ ಕಡೆ ಕೈ ತೋರಿಸಿದರು. "ನಿಮ್ಮನ್ನ ನೋಡಿ ಓಡಿದ್ರೆ ಪ್ರೈವೇಟ್. ಸುಮ್ನೆ ಕೂತಿದ್ರೆ ಸರ್ಕಾರದ್ದು."

ಪಕ್ಷಾಂತರ

ನನ್ನ ಮಗಳು ಮೂರನೇ ಕ್ಲಾಸು. ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರ. ಶಾಲೆಯ ಗೇಟಿನ ಹತ್ತಿರ ನಾನು ಕನ್ನಡದಲ್ಲಿ ಕರೆದರಂತೂ ಕೇಳಿಸದವಳ ಹಾಗೆ ಬೇರೆ ಕಡೆ ನೋಡುತ್ತಾಳೆ. ನನಗೆ ಒಳಗೊಳಗೇ ನೋವು. ಹೇಳಿಕೊಂಡಿರಲಿಲ್ಲ, ಅಷ್ಟೆ.

ಅವಳ ಟೀಚರ್ ಒಮ್ಮೆ ನನ್ನನ್ನು ಕರೆಸಿ, ಮೈ ರೋಗಕ್ರಿಮಿಯನ್ನು ಹೇಗೆ ಎದುರಿಸುತ್ತದೆ ಅಂತ ಮಕ್ಕಳಿಗೆ ಹೇಳಿ ಅಂದರು. ಪಾಠ ಬೇಡ, ಆಟ ಆಡಿಸೋಣ ಅಂದುಕೊಂಡೆ. ನಾನೇ ಕ್ರಿಮಿ. ಮಕ್ಕಳೆಲ್ಲ ರಕ್ತಕಣಗಳು. ಕ್ರಿಮಿ ದೊಡ್ಡದಾದರೆ ಏಡಿಯ ರಕ್ತಕಣಗಳು ಒಂದರ ಪಕ್ಕ ಒಂದು ಬಂದು ಸುತ್ತಲೂ ಗೋಡೆ ಕಟ್ಟಿ ಅದನ್ನು ಉಸಿರು ಕಟ್ಟಿಸುತ್ತವೆ. "ಹಾಗೇ ಮಾಡಿ ನೋಡೋಣ," ಅಂದೆ.

ಮೂವತ್ತೈದು ಮಕ್ಕಳು ಹೋ ಅಂತ ಮುತ್ತಿಕೊಂಡರು. ಒಬ್ಬ ಕಾಲು ಹಿಡಿದ, ಒಬ್ಬಳು ಜಡೆ ಜಗ್ಗಿದಳು. ಕನ್ನಡಕ ಹಾರಿಹೋಯಿತು. "ಸಾಕು ಸಾಕು," ಅಂದರೆ, ಕ್ರಿಮಿಯ ಮಾತು ಯಾವ ರಕ್ತಕಣ ಕೇಳುತ್ತದೆ?

ಅಷ್ಟರಲ್ಲಿ ಒಂದು ರಕ್ತಕಣ ಉಳಿದವರನ್ನು ತಳ್ಳಿಕೊಂಡು ನುಗ್ಗಿ ಬಂದು ನನ್ನ ಮುಂದೆ ಕೈ ಅಗಲಿಸಿ ನಿಂತಿತು. ಮುಖ ಕೆಂಪಾಗಿತ್ತು. ಕ್ಲಾಸಿನವರೆಲ್ಲರ ಎದುರಿಗೆ, ಗಂಟಲು ಹರಿಯುವ ಹಾಗೆ, ಅಪ್ಪಟ ಕನ್ನಡದಲ್ಲಿ ಕೂಗಿತು: "ನಮ್ಮಮ್ಮನ್ನ ಬಿಡ್ರೋ!"

ಎಲ್ಲರೂ ಬಿಟ್ಟರು. ಟೀಚರ್ ಓಡಿಬಂದು ನನ್ನ ಕನ್ನಡಕ ಎತ್ತಿಕೊಟ್ಟು, ಪಾಠ ನಿಲ್ಲಬಾರದು ಅಂತಲೋ ಏನೋ ಕೇಳಿದರು: "ಮೇಡಂ, ಹೀಗೆ ಒಂದು ರಕ್ತಕಣವೇ ಕ್ರಿಮಿಯ ಕಡೆ ಸೇರಿದ್ರೆ ಅದಕ್ಕೆ ಏನಂತಾರೆ?"

"ಪುಸ್ತಕದಲ್ಲಿ ಏನೇನೋ ದೊಡ್ಡ ಹೆಸರಿದೆ ಮೇಡಂ," ಅಂದೆ. "ನಮ್ಮ ಮನೇಲಿ ಮಗಳು ಅಂತೀವಿ."

ಕೈ ಬಿಡದವಳು

ಇದು ಸಾರ್ ಕಥೆ. ಅವರೂ ಹಳೆಯ ಮದ್ರಾಸಿನ ಕನ್ನಡದವರು. ಏಡಿಗಳ ಚಿಪ್ಪಿನ ಮೇಲೆ ಉಗುರುಬಣ್ಣದಲ್ಲಿ ನಂಬರ್ ಬರೆದು, ಹೆಣ್ಣೇಡಿಗಳನ್ನು "ಅವಳು, ಇವಳು" ಅಂತಲೇ ಕರೆಯುತ್ತಾರೆ. ಆ ದಿನ ನಲವತ್ತೆರಡನೇ ನಂಬರಿನವಳ ಸರದಿ. ಐದು ತಿಂಗಳ ಪ್ರಯೋಗದಲ್ಲಿ ಕೊನೆಗೆ ಉಳಿದವಳು ಅವಳೊಬ್ಬಳೇ. ಸಾರ್ ಎತ್ತಿಕೊಂಡರು. ಅವಳು ಅವರ ಬೆರಳು ಹಿಡಿದುಕೊಂಡಳು.

"ಕಿತ್ತುಬಿಡ್ತೀನಿ ಸಾರ್," ಅಂತ ಅಟೆಂಡರ್ ಅಣ್ಣ ಮುಂದೆ ಬಂದರು.

"ಬೇಡ ಬೇಡ! ಕೊಂಡಿ ಮುರಿದ್ರೆ ರಕ್ತವೆಲ್ಲ ಬದಲಾಗತ್ತೆ. ಐದು ತಿಂಗಳು ನೀರಲ್ಲಿ ಹೋಗತ್ತೆ," ಅಂದರು ಸಾರ್. ಹಣೆಯ ಮೇಲೆ ಬೆವರು.

ನೀರಿನಲ್ಲಿ ಕೈ ಇಟ್ಟರೆ ತಾನಾಗಿ ಬಿಡುತ್ತಾಳೆ ಅಂತ ತೊಟ್ಟಿಯ ಪಕ್ಕ ಕೂತು ಮೊಣಕೈವರೆಗೆ ಕೈ ಇಳಿಬಿಟ್ಟರು. ಅವಳು ಬಿಡಲಿಲ್ಲ. ಅದೇ ಹೊತ್ತಿಗೆ ಸಾರ್ ಫೋನು ರಿಂಗಾಯಿತು. ಅಣ್ಣ ತೆಗೆದು ಅವರ ಕಿವಿಯ ಹತ್ತಿರ ಹಿಡಿದರು. ಹಿಡಿಯುವಾಗ ಬೆರಳು ತಾಗಿ ಸ್ಪೀಕರ್ ಆನ್ ಆಯಿತು. ಆ ಕಡೆ ಅವರ ಹೆಂಡತಿ.

"ಇವತ್ತು ನಮ್ಮ ಮದುವೆಯಾದ ದಿನ ಅಂತ ಪುರಸೈವಾಕ್ಕಂಗೆ ಸೀರೆ ಕೊಡಿಸೋಕೆ ಕರ್ಕೊಂಡು ಹೋಗ್ತೀನಿ ಅಂದ್ರಿ. ಎಲ್ಲಿದ್ದೀರಿ?"

"ಬರ್ತೀನಿ ಕಣೇ. ಇವಳು ಕೈ ಬಿಡ್ತಾ ಇಲ್ಲ."

"ಯಾವಳು?"

"ನಲವತ್ತೆರಡು."

"ನಾನು ವಯಸ್ಸು ಕೇಳಿದ್ನಾ?"

"ಬಲವಂತವಾಗಿ ಬಿಡಿಸ್ಕೊಂಡ್ರೆ ಅವಳಿಗೆ ಏಟಾಗತ್ತೆ ಕಣೇ. ತಾನಾಗಿ ಬಿಡೋವರೆಗೂ..."

ಫೋನು ಕಟ್ಟಾಯಿತು. ನಾನು, ಅಣ್ಣ ಮುಖ ಮುಖ ನೋಡಿಕೊಂಡೆವು. ಸಾರ್ ಮಾತ್ರ ಏನೂ ತಿಳಿಯದೆ ನೀರು ನೋಡುತ್ತಿದ್ದರು.

ಅವರ ಮನೆ ಕಾಲೇಜಿನ ಹಿಂದಿನ ರಸ್ತೆ. ಹತ್ತು ನಿಮಿಷದಲ್ಲಿ ಅವರ ಹೆಂಡತಿ, ನಾವೆಲ್ಲ ಅಮ್ಮ ಅನ್ನುವವರು, ಬಾಗಿಲಲ್ಲಿದ್ದರು. ಹೊರಗೆ ಹೋಗಲೆಂದು ಉಟ್ಟಿದ್ದ ರೇಷ್ಮೆ ಸೀರೆ, ಮುಡಿಯಲ್ಲಿ ಮಲ್ಲಿಗೆ, ಕಣ್ಣಲ್ಲಿ ಕೆಂಡ. ಸೀದಾ ಬಂದು ತೊಟ್ಟಿಯೊಳಗೆ ಇಣುಕಿದರು. ಗಂಡನ ಬೆರಳು ನೋಡಿದರು, ಹಿಡಿದವಳನ್ನು ನೋಡಿದರು. ಕೆಂಡವೆಲ್ಲ ಇಳಿದು ಮುಖ ಬಾಡಿತು. "ಅಯ್ಯೋ, ಎಷ್ಟು ಹೊತ್ತಾಯ್ತು? ನೋಯ್ತಿದೆಯಾ?"

ಅಷ್ಟು ಹೊತ್ತು ಬಿಡದವಳು ಆಗ ಬಿಟ್ಟಳು. ಸಾರ್ ಕೈ ಮೇಲೆತ್ತಿದರು. ಬೆರಳಿನಿಂದ ಒಂದು ಕೆಂಪು ಹನಿ ಜಾರಿತು. ಅದನ್ನು ನೋಡಿ ಸಾರ್ ಮೆಲ್ಲಗೆ ಗೋಡೆಗೆ ಒರಗಿದರು, ಅಲ್ಲೇ ಕೂತುಬಿಟ್ಟರು.

"ಇವ್ರಿಗೆ ಕೆಂಪು ರಕ್ತ ಆಗಲ್ಲಮ್ಮಾ," ಅಂತ ಅಮ್ಮ ಸೆರಗಿನಲ್ಲಿ ಗಾಳಿ ಹಾಕುತ್ತಾ ನನಗೆ ಹೇಳಿದರು. "ಡಾಕ್ಟರ್ ಓದೋಕೆ ಸೇರಿ ಮೊದಲ ತಿಂಗಳೇ ಬಿಟ್ಟು ಬಂದ್ರು. ಅದಕ್ಕೇ ಈ ನೀಲಿ ರಕ್ತದ ನೆಂಟಸ್ತನ."

ಪಕ್ಕದ ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆವು. ನರ್ಸ್ ಟಿಟಿ ಇಂಜೆಕ್ಷನ್ ತಂದಾಗ, ಹಿಡಿದ ಏಡಿಗೆಲ್ಲ ಸೂಜಿ ಚುಚ್ಚುತ್ತಾ ವಯಸ್ಸು ಕಳೆದ ಸಾರ್ ಎರಡೂ ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ಹೆಂಡತಿಯ ಕೈ ಹಿಡಿದುಕೊಂಡರು. ಹಿಡಿದ ರಭಸಕ್ಕೆ ಅಮ್ಮನ ಬಳೆ ಎರಡು ಚೂರಾದವು.

"ಆಯ್ತು ಸಾರ್," ಅಂದಳು ನರ್ಸ್. ಸಾರ್ ಕಣ್ಣೂ ಬಿಡಲಿಲ್ಲ, ಕೈಯೂ ಬಿಡಲಿಲ್ಲ.

ಅಮ್ಮ ಅವರ ಮುಖವನ್ನೇ ನೋಡುತ್ತಿದ್ದರು. ನಗು ತಡೆಯುತ್ತಿದ್ದರೋ, ಅಳುವೋ, ನನಗೆ ತಿಳಿಯಲಿಲ್ಲ. "ಮದುವೆ ಆಗಿ ಮೂವತ್ತೈದು ವರ್ಷ ಆಯ್ತು," ಅಂದರು. "ಇವ್ರು ನಾಲ್ಕು ಜನರ ಮುಂದೆ ನನ್ನ ಕೈ ಹಿಡಿದದ್ದು ಧಾರೆ ದಿನ ಬಿಟ್ರೆ ಇವತ್ತೇ."

ಆಮೇಲೆ ನರ್ಸ್ ಕಡೆ ತಿರುಗಿ, ದನಿ ತಗ್ಗಿಸಿ ಕೇಳಿದರು: "ಸಿಸ್ಟರ್, ಇನ್ನೊಂದು ಇಂಜೆಕ್ಷನ್ ಇದ್ರೆ ಅದನ್ನೂ ಈಗ್ಲೇ ಹಾಕಿಬಿಡ್ತೀರಾ?"